ದಿನಾ ತಲೆಗೆ ನೀರು ಹಾಕಿದೆ, ಜಿಡ್ಡು ಹೋಯಿತು

ಬೆಳಿಗ್ಗೆ ತೊಳೆದ ಕೂದಲು ಸಂಜೆಯೊಳಗೆ ನೆತ್ತಿಗೆ ಅಂಟಿಕೊಳ್ಳುವವರಿಗೆ ಮಾತ್ರ ಈ ಬರಹ. ಹೆಚ್ಚುಕಡಿಮೆ ಎರಡು ವರ್ಷದಿಂದ ನಾನು ಬುಡಕ್ಕೆ ಎಣ್ಣೆ ಹಚ್ಚಿಲ್ಲ. ವಾರದಲ್ಲಿ ಐದಾರು ದಿನ ತಲೆಗೆ ಸ್ನಾನ. "ಶೀತ ಆಗುತ್ತೆ, ಜಡೆ ಇಲಿಬಾಲ ಆಗುತ್ತೆ" ಎಂದು ಅಮ್ಮ, ಚಿಕ್ಕಮ್ಮ ಇಬ್ಬರೂ ಹೆದರಿಸಿದರು. ಎರಡೂ ಆಗಲಿಲ್ಲ. ಈಗ ಚಿಕ್ಕಮ್ಮ ಮಗಳಿಗೆಂದು ನನ್ನ ಶಾಂಪೂ ಹೆಸರು ಕೇಳುತ್ತಾರೆ!

ಅದಕ್ಕೂ ಮೊದಲು ಸುರಿದ ದುಡ್ಡಿಗೆ ಲೆಕ್ಕವಿಲ್ಲ. ಪಾರ್ಲರೊಂದರಲ್ಲಿ ನೆತ್ತಿ ಕ್ಲೀನಿಂಗ್ ಅಂತ 2,500 ರೂಪಾಯಿ ಹತ್ತಿರ ಹೋಯಿತು. ಎರಡು ದಿನ ಹಗುರ, ಆಮೇಲೆ ಅದೇ ಕಥೆ. ಮುಲ್ತಾನಿ ಮಿಟ್ಟಿ ತುದಿಯನ್ನು ಪೊರಕೆ ಮಾಡಿತು. ನಿಂಬೆರಸ ಸುಮ್ನೆ ಉರಿ. ಕಡಲೆಹಿಟ್ಟು ಕೂದಲಿಗಿಂತ ಜಾಸ್ತಿ ಬಚ್ಚಲಿನ ಪೈಪಿಗೆ ಹಿಡಿಯಿತು, ಪ್ಲಂಬರಿಗೆ 400 ಕೊಟ್ಟೆವು.

ಎಲ್ಲಕ್ಕಿಂತ ಕೆಟ್ಟದ್ದು, "ವಾರಕ್ಕೊಮ್ಮೆ ಮಾತ್ರ ತೊಳಿ, ನೆತ್ತಿ ತಾನಾಗಿ ಎಣ್ಣೆ ಕಡಿಮೆ ಮಾಡುತ್ತೆ" ಎಂಬ ಸಲಹೆ. ಎಣ್ಣೆ ಗ್ರಂಥಿಗಳು ಹಾರ್ಮೋನಿನ ಮಾತು ಕೇಳುತ್ತವೆ, ನಾವು ಎಷ್ಟು ಸಲ ತೊಳೆದೆವು ಎಂದು ಲೆಕ್ಕ ಇಡುವುದಿಲ್ಲ. ತಿಂಗಳೊಳಗೆ ಹಳದಿ ಅಂಟುಹೊಟ್ಟು, ತುರಿಕೆ, ಹೆಲ್ಮೆಟ್ ತೆಗೆದರೆ ವಾಸನೆ. ಹೊಟ್ಟಿನ ಫಂಗಸ್ಸಿಗೆ ಈ ಜಿಡ್ಡೇ ಊಟ ಎಂದರು ಚರ್ಮದ ಡಾಕ್ಟರು. ಅವರು ಬರೆದುಕೊಟ್ಟ 2% ಕೀಟೊಕೊನಜೋಲ್ ಶಾಂಪೂ ವಾರಕ್ಕೆರಡು ಸಲ, ಐದು ನಿಮಿಷ ಬಿಟ್ಟು ತೊಳೆದೆ. ಹೊಟ್ಟು ಇಳಿಯಿತು.

ಉಳಿದ ದಿನಗಳಿಗೆ ಮಾಮೂಲಿ ಮೈಲ್ಡ್ ಶಾಂಪೂ. ಅದನ್ನು ಮಗ್ಗಿನ ನೀರಿನಲ್ಲಿ ಕರಗಿಸಿ, ಬೈತಲೆ ಬೈತಲೆ ಬಿಡಿಸಿಕೊಂಡು ಬುಡಕ್ಕೇ ಹಾಕಬೇಕು. ಕಿವಿಯ ಹಿಂದೆ, ಕತ್ತಿನ ಮೇಲ್ಭಾಗ ಬೆರಳ ತುದಿಯಿಂದ ಉಜ್ಜಬೇಕು. ಜಿಡ್ಡು ಅವಿತುಕೊಳ್ಳುವುದೇ ಅಲ್ಲಿ. ಕಂಡೀಷನರ್ ಕಿವಿಯಿಂದ ಕೆಳಗೆ ಮಾತ್ರ. ಬೋರ್ ನೀರಿನವರು ತಲೆಗೆ ಸೋಪು ಹಾಕಲೇಬೇಡಿ, ಬೂದು ಬಣ್ಣದ ಅಂಟು ಬುಡದಲ್ಲಿ ಕೂರುತ್ತದೆ. ತಿಂಗಳ ಖರ್ಚು 200 ರೂಪಾಯಿ ಆಸುಪಾಸು.

ಭಾನುವಾರ ಮಾತ್ರ ಅಜ್ಜಿಯ ದಾರಿ. ದಾಸವಾಳದ ಎಲೆಯ ಲೋಳೆ ನುಣುಪು ಕೊಡುತ್ತದೆ, ಆದರೆ ಅದೊಂದೇ ಜಿಡ್ಡು ತೆಗೆಯುವುದಿಲ್ಲ. ಸೀಗೆಪುಡಿ, ಚಿಗರೆ ಸೊಪ್ಪಿನ ಪುಡಿ ಬೆರೆಯಬೇಕು. ಅಳತೆ ಹೇಳುವುದಿಲ್ಲ, ಅದಕ್ಕಾಗಿ ಬಹಳ ಕೂದಲು ಒಣಗಿಸಿಕೊಂಡಿದ್ದೇನೆ.

ಸ್ನಾನಕ್ಕೆ ಪುರುಸೊತ್ತಿಲ್ಲದ ದಿನಕ್ಕೆ ಜಿಡ್ಡು ಹೀರುವ ಪುಡಿ ಮಾಡಿಕೊಂಡೆ. ಅಕ್ಕಿಹಿಟ್ಟು ಹಾಕಿದ ದಿನ ಆಫೀಸಿನಲ್ಲಿ ಎಲ್ಲರೂ ಹೊಟ್ಟು ಎಂದುಕೊಂಡರು. ಆರಾರೂಟ್ ಪುಡಿಗೆ ಕೋಕೋ ಪುಡಿ ಸೇರಿಸಿದರೆ ಕಪ್ಪು ಕೂದಲಲ್ಲಿ ಕಾಣುವುದಿಲ್ಲ. ಬೆಳಿಗ್ಗೆ ಅಲ್ಲ, ರಾತ್ರಿ ಮಲಗುವಾಗಲೇ ಹಳೇ ಪೌಡರ್ ಪಫ್‌ನಿಂದ ಬೈತಲೆಗೆ ಒತ್ತಿ. ಬೆಳಿಗ್ಗೆ ಬಾಚಿದರೆ ಸಾಕು.

ಮಳೆಗಾಲದಲ್ಲಿ ಒಣಗಿಸುವುದೊಂದು ಕಿರಿಕಿರಿ, ಅಲ್ವಾ? ಒದ್ದೆ ತಲೆಗೆ ಹೆಲ್ಮೆಟ್ ಹಾಕಿದರೆ ಮಾಡಿದ್ದೆಲ್ಲ ಹಾಳು. ಅದಕ್ಕೇ ಜೂನ್ ಬಂದರೆ ಸ್ನಾನ ಸಂಜೆಗೆ ಹಾಕಿಕೊಳ್ಳುತ್ತೇನೆ.