ನುಡಿ ಫೈಲನ್ನು ಎನ್‌ವಿಡಿಎ ಓದುವಂತೆ ಮಾಡಿದ್ದು ಹೀಗೆ

ನನಗೆ ಕಣ್ಣು ಕಾಣಿಸುವುದಿಲ್ಲ, ಆಫೀಸಿನಲ್ಲಿ ಪತ್ರಗಳ ಕೆಲಸ. ಕನ್ನಡ ಫೈಲ್ ತೆರೆದರೆ, ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶ ಎನ್‌ವಿಡಿಎ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನೇ ಓದುತ್ತಿತ್ತು. ಧ್ವನಿ ಬದಲಿಸಿದೆ, ಮತ್ತೆ ಇನ್‌ಸ್ಟಾಲ್ ಮಾಡಿದೆ, ವರ್ಡ್‌ನಲ್ಲಿ ಫಾಂಟ್ ಹೆಸರನ್ನೂ ಬದಲಿಸಿದೆ. ಆಗಲಿಲ್ಲ. ನನ್ನನ್ನು ಸುಮ್ನೆ ಫೋನ್ ಎತ್ತುವ ಕೆಲಸಕ್ಕೆ ಹಾಕೋಣ ಅನ್ನುವ ಮಾತೂ ಬಂತು.

ತೊಂದರೆ ಇದ್ದದ್ದು ಫೈಲಿನಲ್ಲಿ. ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್ ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೆ ಕನ್ನಡದ ಆಕಾರ ತೊಡಿಸಿದ್ದು; ನೋಡುವವರಿಗೆ ಕನ್ನಡ, ಕಂಪ್ಯೂಟರಿಗೆ ಇಂಗ್ಲಿಷ್, ಅಲ್ವಾ? ಹಾಗಾಗಿ ಮೊದಲು ಇಡೀ ಪಠ್ಯ ಕಾಪಿ ಮಾಡಿ ಆಸ್ಕಿಯಿಂದ ಯೂನಿಕೋಡ್‌ಗೆ (ಕನ್ನಡ ಅಕ್ಷರಗಳಿಗೆ ಅವುಗಳದೇ ಸಂಕೇತ ಇರುವ ಪದ್ಧತಿ) ಬದಲಿಸುವ ಪರಿವರ್ತಕಕ್ಕೆ ಹಾಕಿ, ಬಂದದ್ದನ್ನು ಹೊಸ ಫೈಲಿನಲ್ಲಿ ಪೇಸ್ಟ್ ಮಾಡಿ, ಫಾಂಟ್ ನಿರ್ಮಲ ಯುಐ ಇಡಿ. ಆಮೇಲೆ ಇನ್ಸರ್ಟ್, ಕಂಟ್ರೋಲ್, ಎಸ್ ಒಟ್ಟಿಗೆ ಒತ್ತಿ ಇಸ್ಪೀಕ್ ಎನ್‌ಜಿ ಎಂಬ, ಪಠ್ಯವನ್ನು ಮಾತಾಗಿಸುವ ತಂತ್ರಾಂಶ ಆರಿಸಿ. ಕೊನೆಗೆ ಇನ್ಸರ್ಟ್, ಕಂಟ್ರೋಲ್, ವಿ ಒತ್ತಿ ಧ್ವನಿಯಲ್ಲಿ ಕನ್ನಡ ಆರಿಸಿ. ಪರಿವರ್ತನೆ ಬಿಟ್ಟು ಧ್ವನಿ ಮಾತ್ರ ಬದಲಿಸಿದರೆ ಏನೂ ಆಗದು. ಹೊಸ ಪತ್ರಗಳನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಲು ಜೊತೆಯವರಿಗೆ ಹೇಳಿದ್ದೇನೆ.