ಹಾಜರಿ ಪುಸ್ತಕದಿಂದ ಹಾಸಿಗೆಯ ಪಕ್ಕಕ್ಕೆ: ಕಡ್ಡಾಯ ತರಬೇತಿಯ ನನ್ನ ಅನುಭವ

ತುರ್ತು ಚಿಕಿತ್ಸಾ ವಿಭಾಗದಲ್ಲಿ ಶುಶ್ರೂಷಕಿಯಾಗಿ ಹಲವು ವರ್ಷ ದುಡಿದ ಮೇಲೆ, ಸಿಬ್ಬಂದಿಯ ಕಡ್ಡಾಯ ತರಬೇತಿಯ ಹೊಣೆ ನನ್ನ ಪಾಲಿಗೆ ಬಂತು. ಆಗಿನ ಪದ್ಧತಿ ವರ್ಷಕ್ಕೆ ಒಂದು ದಿನದ್ದಾಗಿತ್ತು. ಸೋಂಕು ನಿಯಂತ್ರಣ, ಬೆಂಕಿ ಅವಘಡ, ರೋಗಿಯನ್ನು ಎತ್ತಿ ಮಲಗಿಸುವ ಕ್ರಮ, ಜೀವರಕ್ಷಣೆ ಇವೆಲ್ಲವನ್ನೂ ಒಂದರ ಹಿಂದೊಂದರಂತೆ ಪರದೆಯ ಮೇಲೆ ತೋರಿಸಿ, ಸಂಜೆ ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸಿಕೊಳ್ಳಲಾಗುತ್ತಿತ್ತು. ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದವರು ಹಿಂದಿನ ಸಾಲಿನಲ್ಲಿ ನಿದ್ದೆಯೊಡನೆ ಹೆಣಗುತ್ತಿದ್ದರು. ಅವರನ್ನು ದೂರಲು ನನಗೆ ಎಂದೂ ಮನಸ್ಸಾಗಲಿಲ್ಲ.

ಆ ಪದ್ಧತಿಯ ಮೇಲಿನ ನನ್ನ ನಂಬಿಕೆ ಕಳಚಿದ್ದು ಒಂದು ರಾತ್ರಿ. ವಾರ್ಡಿನಲ್ಲಿ ರೋಗಿಯೊಬ್ಬರ ಹೃದಯ ನಿಂತಿತು. ಅಲ್ಲಿದ್ದವರಲ್ಲಿ ಒಬ್ಬರು ತಕ್ಷಣ ಎದೆ ಒತ್ತತೊಡಗಿದರು, ಆದರೆ ಮೆತ್ತನೆಯ ಹಾಸಿಗೆಯ ಮೇಲೆ ಬೆನ್ನಿನ ಕೆಳಗೆ ಹಲಗೆ ಇಡಬೇಕೆಂಬುದು ಯಾರಿಗೂ ಹೊಳೆಯಲಿಲ್ಲ. ಉಳಿದ ಇಬ್ಬರೂ ಅಂಬು ಬ್ಯಾಗ್, ಅಂದರೆ ಕೈಯಿಂದ ಹಿಂಡಿ ರೋಗಿಗೆ ಉಸಿರು ಕೊಡುವ ಚೀಲ, ತರಲು ಒಟ್ಟಿಗೇ ಓಡಿದರು. ನಾನು ಅಲ್ಲಿಗೆ ಮುಟ್ಟಿದಾಗ ಒತ್ತುತ್ತಿದ್ದವರ ತೋಳು ಸೋತಿತ್ತು, ಕೈ ಬದಲಿಸಲು ಪಕ್ಕದಲ್ಲಿ ಯಾರೂ ಇರಲಿಲ್ಲ. ರೋಗಿ ಉಳಿಯಲಿಲ್ಲ. ಎಲ್ಲವೂ ಸರಿಯಾಗಿ ನಡೆದಿದ್ದರೆ ಉಳಿಯುತ್ತಿದ್ದರು ಎಂದು ನಾನು ಹೇಳಲಾರೆ. ಆದರೆ ಮರುದಿನ ಪುಸ್ತಕ ತೆರೆದು ನೋಡಿದಾಗ ಮೂವರ ಸಹಿಯೂ ಅದರಲ್ಲಿತ್ತು.

ಆಮೇಲೆ ನಾನು ಮೊದಲು ಮಾಡಿದ ಕೆಲಸವೆಂದರೆ ಜೀವರಕ್ಷಣೆಯ ಪಾಠವನ್ನು ಸಭಾಂಗಣದಿಂದ ವಾರ್ಡಿಗೆ ತಂದದ್ದು. ವರ್ಷಕ್ಕೊಮ್ಮೆ ಅರ್ಧ ದಿನದ ಬದಲು, ಪ್ರತಿ ತಿಂಗಳೂ ಪಾಳಿ ಬದಲಾಗುವ ಹೊತ್ತಿನಲ್ಲಿ ಹತ್ತು ನಿಮಿಷ. ಕಲಿತ ಕೈಚಳಕ ಕೆಲವೇ ತಿಂಗಳಲ್ಲಿ ಮಸುಕಾಗುತ್ತದೆ ಎಂಬುದನ್ನು ನಾನು ನನ್ನ ಕೈಯಲ್ಲೇ ಕಂಡಿದ್ದೆ. ಅಭ್ಯಾಸಕ್ಕೆ ಬೇಕಾದ ಬೊಂಬೆ ನಮ್ಮಲ್ಲಿತ್ತು. ಇಂಥ ಬೊಂಬೆಯನ್ನು 1960ರಲ್ಲಿ ಹೊರತಂದವರು ನಾರ್ವೆಯ ಆಟಿಕೆ ತಯಾರಕ ಅಸ್ಮುಂಡ್ ಲೇರ್ಡಾಲ್. ಬಾಯಿಯಲ್ಲಿ ಹೇಳಿದ್ದನ್ನು ಕೈಗೆ ದಾಟಿಸಲು ಇದಕ್ಕಿಂತ ಒಳ್ಳೆಯ ಸಾಧನವನ್ನು ನಾನು ಕಂಡಿಲ್ಲ.

ವಯಸ್ಕರಿಗೆ ನಿಮಿಷಕ್ಕೆ 100ರಿಂದ 120 ಒತ್ತು, ಕನಿಷ್ಠ 5 ಸೆಂಟಿಮೀಟರ್ ಆಳ, ಆದರೆ 6 ಮೀರಬಾರದು, 30 ಒತ್ತಿಗೆ 2 ಉಸಿರು, ಎರಡು ನಿಮಿಷಕ್ಕೊಮ್ಮೆ ಕೈ ಬದಲಾವಣೆ: ಈ ಲೆಕ್ಕ ಎಲ್ಲರಿಗೂ ಬಾಯಿಪಾಠವಾಗಿತ್ತು. ತಪ್ಪುತ್ತಿದ್ದದ್ದು ಬೇರೆಡೆ. ಆಂಬುಲೆನ್ಸ್ ಚಾಲಕರೊಬ್ಬರು, ಬಲವಾದ ಆಳು, ಮೊದಲ ಸಲ ಬೊಂಬೆಯ ಮುಂದೆ ಮಂಡಿಯೂರಿದಾಗ ಪ್ರತಿ ಒತ್ತಿಗೂ ಬೊಂಬೆಯೊಳಗಿಂದ ಟಕ್ ಎಂಬ ಸದ್ದು ಬರುತ್ತಿತ್ತು. “ಆಳ ಸಾಕಲ್ಲವೇ ಸಿಸ್ಟರ್?” ಎಂದು ಕೇಳಿದರು. ಆಳ ಸಾಕಿತ್ತು. ಆದರೆ ಅವರು ಮೈಭಾರವನ್ನು ಎದೆಯ ಮೇಲಿಂದ ತೆಗೆಯುತ್ತಲೇ ಇರಲಿಲ್ಲ. ಎದೆ ಅರ್ಧ ಮೇಲೆದ್ದು ಮತ್ತೆ ಕುಸಿಯುತ್ತಿತ್ತು. ಎದೆ ಪೂರ್ತಿ ಮೇಲೆದ್ದಾಗ ಮಾತ್ರ ಹೃದಯಕ್ಕೆ ರಕ್ತ ಮರಳಿ ತುಂಬುತ್ತದೆ, ತುಂಬದ ಹೃದಯವನ್ನು ಎಷ್ಟು ಒತ್ತಿದರೂ ಹೊರಗೆ ಹೋಗುವುದಕ್ಕೆ ಏನೂ ಇರುವುದಿಲ್ಲ ಎಂದೆ. ಕೈಪಂಪಿನ ಹಿಡಿಯಂತೆ ಎಂದು ಅವರೇ ಹೇಳಿ, ಮೊಣಕೈ ನೆಟ್ಟಗೆ ಮಾಡಿಕೊಂಡು, ಹೆಗಲನ್ನು ಅಂಗೈಗಳ ನೇರಕ್ಕೆ ತಂದುಕೊಂಡು ಮತ್ತೆ ಆರಂಭಿಸಿದರು. ಎರಡು ತಿಂಗಳ ನಂತರ ಹೊಸಬರಿಗೆ ಅದನ್ನು ಹೇಳಿಕೊಡುತ್ತಿದ್ದವರು ಅವರೇ.

ಒತ್ತುವುದರಷ್ಟೇ ಮುಖ್ಯವಾದದ್ದು ಹೆಸರು ಹಿಡಿದು ಕೆಲಸ ಹೇಳುವುದು. “ಯಾರಾದರೂ ಬ್ಯಾಗ್ ತನ್ನಿ” ಎಂದರೆ ಒಂದೋ ಎಲ್ಲರೂ ಓಡುತ್ತಾರೆ, ಇಲ್ಲವೇ ಯಾರೂ ಕದಲುವುದಿಲ್ಲ. ಹೇಳಿಸಿಕೊಂಡವರು ಅದೇ ಮಾತನ್ನು ತಿರುಗಿ ಹೇಳಬೇಕು, ಮುಗಿಸಿದ ಮೇಲೆ ಮುಗಿಯಿತೆಂದು ತಿಳಿಸಬೇಕು ಎಂಬ ನಿಯಮ ಮಾಡಿದೆವು. ಕಿರಿಯರು ಹಿರಿಯ ವೈದ್ಯರಿಗೆ ಹೀಗೆ ಗಟ್ಟಿಯಾಗಿ ಮಾತು ಮರಳಿಸಲು ಸಂಕೋಚಪಡುತ್ತಿದ್ದರು. ಈ ಅಭ್ಯಾಸಕ್ಕೆ ವೈದ್ಯರೂ ಬಂದು ನಿಂತ ಮೇಲೆಯೇ ಆ ಸಂಕೋಚ ಹೋಯಿತು.

ಕೈ ತೊಳೆಯುವ ಪಾಠವನ್ನು ಹೆಚ್ಚು ಬದಲಿಸಲಿಲ್ಲ; ಕೈಯುಜ್ಜುವ ದ್ರಾವಣದ ಬಾಟಲಿಯನ್ನು ಪ್ರತಿ ಹಾಸಿಗೆಯ ಕೈಗೆಟಕುವಲ್ಲಿ ಇಡಿಸಿದ್ದೇ ಉಪದೇಶಕ್ಕಿಂತ ಹೆಚ್ಚು ಕೆಲಸ ಮಾಡಿತು. ಸೂಜಿ ಚುಚ್ಚಿದ ಗಾಯಗಳ ವಿಷಯದಲ್ಲಿ ಮಾತ್ರ ನಾನು ಹಟ ಹಿಡಿದೆ. ತರಬೇತಿಯ ಪಟ್ಟಿಯಲ್ಲಿ ಸ್ವಚ್ಛತಾ ಸಿಬ್ಬಂದಿಯ ಹೆಸರೇ ಇರಲಿಲ್ಲ, ಆದರೆ ಕಸದ ಚೀಲದಲ್ಲಿ ಯಾರೋ ಬಿಟ್ಟ ಸೂಜಿ ಚುಚ್ಚುತ್ತಿದ್ದದ್ದು ಅವರಿಗೆ. ಬೈಗುಳಕ್ಕೆ ಹೆದರಿ ಅವರು ಗಾಯವನ್ನು ಮುಚ್ಚಿಡುತ್ತಿದ್ದರು. ಗಾಯವನ್ನು ಹಿಂಡಬಾರದು, ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆಯಬೇಕು, ತಕ್ಷಣ ತಿಳಿಸಬೇಕು, ಏಕೆಂದರೆ ಎಚ್‌ಐವಿ ತಡೆಯುವ ಔಷಧ ಅಗತ್ಯವಿದ್ದರೆ ಆದಷ್ಟು ಬೇಗ, ತಡವೆಂದರೂ 72 ಗಂಟೆಯೊಳಗೆ ಆರಂಭಿಸಬೇಕು ಎಂದು ಅವರ ಜೊತೆ ಕುಳಿತು ವಿವರಿಸಿದೆ. ಅದಾದ ಕೆಲವೇ ವಾರಗಳಲ್ಲಿ ಒಬ್ಬಾಕೆ ಒದ್ದೆ ಬೆರಳನ್ನು ಎತ್ತಿ ಹಿಡಿದುಕೊಂಡೇ ನನ್ನ ಕೋಣೆಗೆ ಬಂದರು. “ತೊಳೆದುಕೊಂಡೇ ಬಂದಿದ್ದೇನೆ ಸಿಸ್ಟರ್, ಹಿಂಡಿಲ್ಲ” ಎಂದರು.

ಈಗ ನಮ್ಮ ಹಾಜರಿ ಪುಸ್ತಕದಲ್ಲಿ ಸಹಿಯ ಪಕ್ಕದಲ್ಲಿ ಇನ್ನೊಂದು ಕಾಲಂ ಇದೆ: ಕೈಯಾರೆ ಮಾಡಿ ತೋರಿಸಿದ್ದೇನು, ನೋಡಿದವರು ಯಾರು. ರಾತ್ರಿ ಪಾಳಿಯವರನ್ನು ಹಗಲಿಗೆ ಕರೆಸುವುದನ್ನು ನಿಲ್ಲಿಸಿದ್ದೇವೆ. ಬೊಂಬೆಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು, ಅವರಿರುವ ವಾರ್ಡುಗಳಿಗೆ ಅವರ ಹೊತ್ತಿನಲ್ಲಿ ನಾನೇ ಹೋಗುತ್ತೇನೆ.