ಮೆತ್ತಿನ ಹಲಗೆ ಒರೆಸಲು ಬೇಕಾದ್ದು ಅಡುಗೆಮನೆಯಲ್ಲೇ ಇದೆ

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಹಳೇ ಮನೆಗಳಲ್ಲಿ ಮೆತ್ತು (ಮಹಡಿ) ಅಂದರೆ ಮರದ ಹಲಗೆಯದೇ. ಸಾಗವಾನಿ, ಮತ್ತಿ, ಹಲಸು, ಆಗ ಯಾವುದು ಸಿಕ್ಕಿತ್ತೋ ಅದು. ಕಾರವಾರದ ಹೊಸ ಫ್ಲ್ಯಾಟುಗಳಲ್ಲಿ ಮರದ ಹಾಗೇ ಕಾಣುವ ಲ್ಯಾಮಿನೇಟ್ ನೆಲ ಬಂದಿದೆ. ಎರಡಕ್ಕೂ ಕೊಳೆಗಿಂತ ದೊಡ್ಡ ಶತ್ರು ನೀರು. ಮಳೆಗಾಲವಿಡೀ ಗಾಳಿಯ ತೇವ ಕುಡಿದು ಉಬ್ಬಿದ ಹಲಗೆಗೆ ಮತ್ತೆ ಬಕೆಟ್ ನೀರು ಚೆಲ್ಲಿದರೆ ಅದು ಡೊಂಕಾಗುತ್ತದೆ, ಸಂದಿಯಿಂದ ಕೆಳಗಿನ ಜಗುಲಿಗೂ ತೊಟ್ಟಿಕ್ಕುತ್ತದೆ. ಹಾಗಾಗಿ ಯಾವ ದ್ರಾವಣ ಅನ್ನುವುದಕ್ಕಿಂತ ಬಟ್ಟೆಯನ್ನು ಎಷ್ಟು ಹಿಂಡಿದಿರಿ ಅನ್ನುವುದೇ ಮುಖ್ಯ.

ಮೊದಲು ಒಂದು ಹನಿ ನೀರು

ಮೂಲೆಯಲ್ಲಿ ಒಂದು ಹನಿ ನೀರು ಬಿಟ್ಟು ಐದು ನಿಮಿಷ ಕಾಯಿರಿ. ಹನಿ ಮಣಿಯಂತೆ ನಿಂತರೆ ಪಾಲಿಶ್ ಗಟ್ಟಿಯಾಗಿದೆ. ಹೀರಿಕೊಂಡು ಅಲ್ಲಿ ಕಪ್ಪಾದರೆ ಮರ ಬತ್ತಲೆ. ಅಂಥ ನೆಲಕ್ಕೆ ಇನ್ನೂ ಕಡಿಮೆ ನೀರು.

ಧೂಳು

ಮೆತ್ತಿನ ಮೇಲೆ ಅಡಿಕೆ ಚೀಲ ಇಟ್ಟಿದ್ದರೆ ಧೂಳು ಸಂದಿಗಳಲ್ಲಿ ಕೂತಿರುತ್ತದೆ. ಮೆತ್ತನೆ ಕಸಬರಿಗೆಯಿಂದ ಗುಡಿಸಿ, ಸಂದಿಗೆ ಹಳೇ ಬ್ರಶ್ ಹಾಕಿ. ಸಮುದ್ರದ ಬದಿಯವರು ಇದನ್ನು ದಿನಾ ಮಾಡಬೇಕು. ಚಪ್ಪಲಿಗೆ ಅಂಟಿ ಬರುವ ಮರಳು ಪಾಲಿಶನ್ನು ಉಜ್ಜುಕಾಗದದಂತೆ ಗೀರುತ್ತದೆ. ಮರಳು ಇರುವಾಗಲೇ ಒದ್ದೆ ಬಟ್ಟೆ ಎಳೆದರೆ ಆ ಗೀರು ನೆಲದ ತುಂಬ.

ಅಂಟುವಾಳದ ನೀರು

ನನ್ನ ಮೊದಲ ಆಯ್ಕೆ ಇದೇ. ಗ್ರಂಥಿಗೆ ಅಂಗಡಿಯಿಂದ ಎಂಟು-ಹತ್ತು ಅಂಟುವಾಳ ತಂದು, ಬೀಜ ತೆಗೆದು, ಸಿಪ್ಪೆಯನ್ನು ಒಂದು ಲೀಟರ್ ನೀರಲ್ಲಿ ರಾತ್ರಿ ನೆನೆಸಿ. ಬೆಳಿಗ್ಗೆ ಕಾಲು ಗಂಟೆ ಕುದಿಸಿ, ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ. ಇದರ ಒಂದು ಲೋಟ ನಾಲ್ಕು ಲೀಟರ್ ನೀರಿಗೆ ಸಾಕು. ಉಳಿದದ್ದನ್ನು ಫ್ರಿಜ್‌ನಲ್ಲಿಟ್ಟು ಎರಡು-ಮೂರು ದಿನದಲ್ಲಿ ಮುಗಿಸಿ, ಇಲ್ಲದಿದ್ದರೆ ಹುಳಿ ವಾಸನೆ ಬರುತ್ತದೆ. ನೀರಿಗೆ ಕಂದು ಬಣ್ಣ ಇರುವುದರಿಂದ ಹಲಸಿನಂಥ ಹಳದಿ ಮರಕ್ಕೆ ಮೊದಲು ಮೂಲೆಯಲ್ಲಿ ಹಚ್ಚಿ ನೋಡಿ. ಅಂಟುವಾಳ ಸಿಗದಿದ್ದರೆ ಅಷ್ಟೇ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕೈದು ಹನಿ. ಜಾಸ್ತಿ ಹಾಕಿದರೆ ನೆಲ ಜಿಗುಟಾಗಿ ಇನ್ನೂ ಧೂಳು ಹಿಡಿಯುತ್ತದೆ.

ಬಟ್ಟೆ ಅದ್ದಿ, ಒಂದು ಹನಿಯೂ ಬೀಳದ ಹಾಗೆ ಹಿಂಡಿ. ಮರದ ಗೆರೆ ಯಾವ ಕಡೆ ಓಡಿದೆಯೋ ಆ ಕಡೆಗೇ ಒರೆಸಿ. ಎರಡು-ಮೂರು ಹಲಗೆ ಆದ ಕೂಡಲೇ ಒಣಬಟ್ಟೆ ಹಾಕಿ. ಇಡೀ ಮೆತ್ತು ಒದ್ದೆ ಮಾಡಿ ಆಮೇಲೆ ಒಣಗಿಸುತ್ತೇನೆ ಅಂದರೆ ಆಗುವುದಿಲ್ಲ.

ಲ್ಯಾಮಿನೇಟ್‌ಗೂ ಕ್ರಮ ಇದೇ, ಆದರೆ ಲಿಕ್ವಿಡ್ ಹನಿ ಮಾತ್ರ ಸಾಕು, ಎಣ್ಣೆ ಬೇಡವೇ ಬೇಡ. ಅದರ ಒಳಗಿರುವುದು ಒತ್ತಿ ಮಾಡಿದ ಮರದ ನಾರು. ಅಂಚಿಗೆ ನೀರು ಇಳಿದು ಒಮ್ಮೆ ಉಬ್ಬಿದರೆ ಮತ್ತೆ ಸರಿಹೋಗದು.

ವಿನೆಗರ್: ಎಲ್ಲಿ ಸೈ, ಎಲ್ಲಿ ಬೇಡ

ಮೊಬೈಲ್ ತೆರೆದರೆ ಎಲ್ಲದಕ್ಕೂ ವಿನೆಗರ್ ಅನ್ನುತ್ತಾರೆ ಅಲ್ವಾ? ನಮ್ಮ ಹಳೇ ಮನೆಗಳಲ್ಲಿ ಸ್ವಲ್ಪ ಹುಷಾರಾಗಿರಬೇಕು. ಕಾರಣ ಕಬ್ಬಿಣದ ಮೊಳೆ. ಮರದಲ್ಲಿ ಟ್ಯಾನಿನ್ ಎಂಬ ಒಗರು ಇರುತ್ತದೆ. ಕಬ್ಬಿಣ ಕರಗಿ ಅದಕ್ಕೆ ಸೇರಿದರೆ ಕಪ್ಪು ಬಣ್ಣ ಹುಟ್ಟುತ್ತದೆ. ಹಿಂದೆ ಒಗರಿನ ಅಳಲೆಕಾಯಿಗೆ ಅನ್ನಭೇದಿ (ಕಬ್ಬಿಣದ ಉಪ್ಪು) ಹಾಕಿ ಶಾಯಿ ಮಾಡುತ್ತಿದ್ದದ್ದು ಇದೇ ಲೆಕ್ಕದಲ್ಲಿ. ಹಳೇ ಹಲಗೆಯಲ್ಲಿ ಮೊಳೆಯ ಸುತ್ತ ಕಾಣುವ ಕಪ್ಪು ಉಂಗುರವೂ ಅದೇ. ವಿನೆಗರ್‌ನಂಥ ಹುಳಿ ಬಿದ್ದರೆ ಕಬ್ಬಿಣ ಬೇಗ ಕರಗುತ್ತದೆ, ಕಪ್ಪು ಇನ್ನಷ್ಟು ಹರಡುತ್ತದೆ. ನಿಂಬೆಹುಳಿಗೂ ಇದೇ ಮಾತು. ಚಹಾ ಡಿಕಾಕ್ಷನ್‌ನಲ್ಲಿ ಒರೆಸಿದರೆ ಹೊಳಪು ಅನ್ನುವವರಿದ್ದಾರೆ. ಚಹಾದಲ್ಲೂ ಟ್ಯಾನಿನ್ನೇ ಇರುವುದು, ಮೊಳೆ ಇರುವಲ್ಲಿ ಅದೂ ಬೇಡ. ಆಗಲೇ ಕಪ್ಪಾದದ್ದು ಒರೆಸಿದರೆ ಹೋಗುವುದಿಲ್ಲ, ಆಚಾರಿಯನ್ನೇ ಕರೆಸಬೇಕು.

ವಿನೆಗರ್ ಉಪಯೋಗಕ್ಕೆ ಬರುವುದು ಬೂಸು ಹಿಡಿದಾಗ. ಶ್ರಾವಣದ ಹೊತ್ತಿಗೆ ಕಿಟಕಿ ಮುಚ್ಚಿದ ಕೋಣೆಯ ಹಲಗೆ ಮೇಲೆ ಬಿಳಿ ಬೂಸು ಬಂದರೆ ಒಣ ಪೊರಕೆಯಿಂದ ಗುಡಿಸಬೇಡಿ, ಅದು ಮನೆಯೆಲ್ಲ ಹಾರುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ವಿನೆಗರ್ ಮತ್ತು ನೀರು ಸಮಪಾಲು ಬೆರೆಸಿ, ಹಿಂಡಿದ ಬಟ್ಟೆಯಲ್ಲಿ ಮೊಳೆ ತಪ್ಪಿಸಿ ಒರೆಸಿ. ಆಮೇಲೆ ಫ್ಯಾನ್ ಹಾಕಿ. ಬ್ಲೀಚಿಂಗ್ ಪೌಡರ್ ಮುಟ್ಟಿದ ಬಕೆಟ್‌ಗೆ ವಿನೆಗರ್ ಹಾಕಲೇಬಾರದು, ಕ್ಲೋರಿನ್ ವಿಷಗಾಳಿ ಹುಟ್ಟುತ್ತದೆ.

ಕವಳದ (ಎಲೆಅಡಿಕೆಯ) ಕಲೆ

ಹಸಿ ಇರುವಾಗಲೇ ಒರೆಸಿದರೆ ಬಚಾವ್. ಒಣಗಿದ್ದಕ್ಕೆ ಅಂಟುವಾಳದ ಗಟ್ಟಿ ನೀರಲ್ಲಿ ಅದ್ದಿದ ಬಟ್ಟೆಯನ್ನು ಎರಡು ನಿಮಿಷ ಇಟ್ಟು ಉಜ್ಜಿ. ಸುಣ್ಣ ಬಿದ್ದಲ್ಲಿ ಮರವೇ ಬಣ್ಣ ಬದಲಿಸಿರುತ್ತದೆ, ಪೂರ್ತಿ ಹೋಗುವ ಆಸೆ ಬೇಡ. ಸೋಡಾಪುಡಿ ಹಾಕಿದರೂ ಹಾಗೇ ಕಪ್ಪಾಗುತ್ತದೆ. ಬತ್ತಲೆ ಮರವಾದರೆ 220 ನಂಬರಿನ ಉಜ್ಜುಕಾಗದದಿಂದ ಗೆರೆಗುಂಟ ಮೆಲ್ಲಗೆ ತಿಕ್ಕಬಹುದು.

ಮಳೆ ಮುಗಿದ ಮೇಲೆ ಎಣ್ಣೆ

ಬತ್ತಲೆ ಹಲಗೆಗೆ ದೀಪಾವಳಿ ಕಳೆದ ಮೇಲೆ, ಮರ ಚೆನ್ನಾಗಿ ಒಣಗಿದಾಗ ಎಣ್ಣೆ ಕೊಡಿ. ಮನೆಯಲ್ಲಿದೆ ಅಂತ ಸುಮ್ನೆ ಕೊಬ್ಬರಿ ಎಣ್ಣೆ ಹಚ್ಚಬೇಡಿ, ಅದು ಒಣಗುವ ಎಣ್ಣೆಯಲ್ಲ. ಗೇರುಬೀಜದ ಸಿಪ್ಪೆಯ ಎಣ್ಣೆ ಗೆದ್ದಲು ತಡೆಯಲು ಒಳ್ಳೆಯದೇ, ಆದರೆ ಚರ್ಮ ಸುಟ್ಟು ಬೊಕ್ಕೆ ಏಳುತ್ತದೆ. ಓಡಾಡುವ ನೆಲಕ್ಕೆ ಅದು ಬೇಡ. ಪೇಂಟ್ ಅಂಗಡಿಯ ಅಗಸೆ ಎಣ್ಣೆ ತಂದು ಬಟ್ಟೆಯಲ್ಲಿ ತೆಳ್ಳಗೆ ಹಚ್ಚಿ, ಇಪ್ಪತ್ತು ನಿಮಿಷ ಬಿಟ್ಟು ಮೇಲೆ ಉಳಿದದ್ದನ್ನೆಲ್ಲ ಒರೆಸಿ ತೆಗೆಯಿರಿ. ಪೂರ್ತಿ ಒಣಗುವ ತನಕ ಮೆತ್ತಿನ ಮೇಲೆ ಓಡಾಟ ಬೇಡ.

ಎಣ್ಣೆಯಾದ ಆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಸೇರಿ ತಾನಾಗಿಯೇ ಬೆಂಕಿ ಹತ್ತಬಹುದು. ನೀರಲ್ಲಿ ಅದ್ದಿ, ಅಂಗಳದಲ್ಲಿ ಒಂದೊಂದಾಗಿ ಬಿಡಿಸಿ ಹರವಿ.